ಸತ್ಪ್ರಸಾದದ ದಿನ ನನ್ನ ನಾಲಿಗೆ

ಎರಡನೇ ಮಹಾಯುದ್ಧದ ಕಾಲ. ನನಗೆ ಹದಿಮೂರು. ಚನ್ನಗಿರಿಯಲ್ಲಿ ನಾವು ಕ್ರೈಸ್ತರು ಒಟ್ಟು ಐದೇ ಮನೆ. ನಮ್ಮ ದೇವಾಲಯವೆಂದರೆ ಒಂದು ಹೆಂಚಿನ ಕೋಣೆ. ಗುರುಗಳು ಮೂರು ತಿಂಗಳಿಗೊಮ್ಮೆ ಸೈಕಲ್ಲಿನಲ್ಲಿ ಬಂದು ಪೂಜೆ ಮಾಡಿ ಹೋಗುತ್ತಿದ್ದರು. ಉಳಿದ ದಿನ ನಮ್ಮ ಆತ್ಮಗಳನ್ನು ಕಾಯುವ ಕೆಲಸ ಧರ್ಮಪಾಠ ಹೇಳಿಕೊಡುವ ಉಪದೇಶಿಗಳದು. ಅವರ ಮೀಸೆಯ ಮೇಲೆ ಆ ಕಡೆಗೊಂದು ಈ ಕಡೆಗೊಂದು ಗುಬ್ಬಿ ಆರಾಮಾಗಿ ಕೂರಬಹುದಿತ್ತು.

ಅವರು ಜ್ಞಾನೋಪದೇಶದ ಪ್ರಶ್ನೆ ಅರ್ಧ ಕೇಳುವಷ್ಟರಲ್ಲಿ ನನ್ನ ಉತ್ತರ ಮುಗಿದಿರುತ್ತಿತ್ತು. ಆ ಸಲ ಮೊದಲ ಸತ್ಪ್ರಸಾದಕ್ಕೆ, ಅಂದರೆ ಪೂಜೆಯಲ್ಲಿ ಗುರುಗಳು ನಾಲಿಗೆಯ ಮೇಲಿಡುವ ತೆಳು ರೊಟ್ಟಿಗೆ, ಸಿದ್ಧವಾಗಿದ್ದವರು ಐವರು. ನಾಲ್ವರು ನನಗಿಂತ ಚಿಕ್ಕವರು, ಹಾಗಾಗಿ ನಾನೇ ಅವರಿಗೆ ಅರ್ಧ ಉಪದೇಶಿ.

"ಮಧ್ಯರಾತ್ರಿ ಕಳೆದ ಮ್ಯಾಲೆ ಒಂದು ಹನಿ ನೀರೂ ಗಂಟಲಾಗೆ ಇಳಿಬಾರದು. ತಿಳೀತೇನ್ರೋ?" ಎಂದು ಪೂಜೆಯ ಹಿಂದಿನ ದಿನ ಉಪದೇಶಿಗಳು ಹೇಳಿ ಹೋದರು. ಅಷ್ಟು ಸಪ್ಪೆಯಾಗಿ ಹೇಳಿದರೆ ಯಾರು ಹೆದರುತ್ತಾರೆ? ನಾನು ಸ್ವಲ್ಪ ಒಗ್ಗರಣೆ ಹಾಕಿದೆ.

"ನ್ಯಾಮತೀಲಿ ಒಬ್ಬ ಹುಡುಗ ಬೆಲ್ಲ ತಿಂದು ಸತ್ಪ್ರಸಾದ ತಗಂಡ. ನಾಲಿಗೆ ಮ್ಯಾಲಿಂದ ಬುಸಬುಸ ಹೊಗೆ! ಮೂರು ಕೊಡ ನೀರು ಹುಯ್ದರೂ ಆರಲಿಲ್ಲ."

ಎಲ್ಲರಿಗಿಂತ ಚಿಕ್ಕವಳು ಅಳುವುದೊಂದು ಬಾಕಿ. "ಈಗ ಹೆಂಗದಾನಕ್ಕ?"

"ಮೂಗ ಆಗ್ಯಾನೆ."

ಆ ಹುಡುಗನನ್ನು ಹುಟ್ಟಿಸಿದವಳೂ ನಾನೇ, ಮೂಗನನ್ನಾಗಿ ಮಾಡಿದವಳೂ ನಾನೇ.

ಪೂಜೆಯ ಬೆಳಗ್ಗೆ ತಲೆಗೆ ನೀರು ಹಾಕಿಕೊಂಡು ಬಿಳಿ ಲಂಗ ಉಟ್ಟೆ. ಹೊಸ ಬಟ್ಟೆ ಸಿಗದ ಕಾಲವಾದ್ದರಿಂದ ಅಪ್ಪನ ಪಂಚೆಯೇ ಲಂಗವಾಗಿತ್ತು. ಅವ್ವ ಪಾಯಸಕ್ಕೆ ಇಟ್ಟಿದ್ದಳು. ಅಷ್ಟರಲ್ಲಿ ಅಜ್ಜಿ ಕುಟ್ಟಾಣಿ ಮುಂದಕ್ಕೆ ತಳ್ಳಿದಳು. ಅಜ್ಜಿಗೆ ಹಲ್ಲಿಲ್ಲ. ದಿನಾ ಬೆಳಗ್ಗೆ ಎಲೆ, ಅಡಿಕೆ, ಸುಣ್ಣ ಹಾಕಿ ಕುಟ್ಟಿ ಕೊಡುವುದು ನನ್ನ ಕೆಲಸ. ಸುಣ್ಣ ಹೆಚ್ಚಾದರೆ ಅವಳ ಬಾಯಿ ಸುಡುತ್ತದೆಂದು ಮೊದಲು ಒಂದು ಚಿಟಿಕೆ ನಾನು ಬಾಯಿಗೆ ಹಾಕಿ ನೋಡಬೇಕು. ಕೈ ಕುಟ್ಟಿತು, ಕೈಯೇ ಚಿಟಿಕೆ ತೆಗೆದು ಬಾಯಿಗಿಟ್ಟಿತು. ರಸ ನುಂಗಿ, "ಸುಣ್ಣ ಸರಿ ಐತಜ್ಜಿ" ಎಂದ ಮೇಲೆ ನನಗೆ ನನ್ನ ಮಾತು ಕೇಳಿಸಿತು.

ಹಿತ್ತಾಳೆ ತಟ್ಟೆಯಲ್ಲಿ ನಾಲಿಗೆ ನೋಡಿಕೊಂಡೆ. ಕೆಂಪಗಿತ್ತು. ಪಂಚೆಯ ಲಂಗದಿಂದ ತಿಕ್ಕಿದೆ. ಲಂಗವೂ ಕೆಂಪಾಯಿತು.

"ಎಲೆಅಡಿಕೆ ಯಾವಾಗಿಂದ ಊಟ ಆತೇ? ಉಪವಾಸ ಮಾಡೋರೂ ಹಾಕ್ಕಂತಾರೆ. ಬಾಯಿ ಮುಚ್ಕಂಡು ನಡಿ," ಎಂದಳು ಅಜ್ಜಿ.

"ಅಲ್ಲಿ ಬಾಯಿ ತೆಗೀಲೇಬೇಕಲ್ಲಜ್ಜಿ!"

ದಾರಿಯುದ್ದಕ್ಕೂ ನಾಲಿಗೆಯನ್ನು ಹಲ್ಲಿಗೆ ಉಜ್ಜುತ್ತಾ ನಡೆದೆ. ಹೇಳಿದರೆ ಇನ್ನು ಮೂರು ತಿಂಗಳು ಕಾಯಬೇಕು, ಮೂಗು ಸುರಿಸುವ ಆ ನಾಲ್ವರು ನನಗಿಂತ ಮುಂದೆ ಹೋಗುತ್ತಾರೆ. ಹೇಳದಿದ್ದರೆ ಹೊಗೆ. ಅದು ನಾನೇ ಕಟ್ಟಿದ ಕಥೆಯೆಂದು ಎಷ್ಟು ಸಲ ಹೇಳಿಕೊಂಡರೂ ನನಗೆ ನ್ಯಾಮತಿಯ ಹುಡುಗನ ಮುಖವೇ ಕಾಣುತ್ತಿತ್ತು. ಅವನಿಗೆ ಈಗ ಮೊಡವೆಗಳೂ ಇದ್ದವು.

ಐವರೂ ಸಾಲಾಗಿ ಮೊಣಕಾಲೂರಿದೆವು. ಎತ್ತರದವಳೆಂದು ನಾನು ಕೊನೆಯಲ್ಲಿ. ಗುರುಗಳು ಲ್ಯಾಟಿನ್ ಹೇಳುತ್ತಾ ಬಂದರು. ನಾಲ್ಕು ನಾಲಿಗೆಗಳು ಹೊರಬಂದವು, ನಾಲ್ಕೂ ಕರುವಿನ ನಾಲಿಗೆಯಂತೆ ಚೊಕ್ಕಟ. ನನ್ನ ಮುಂದೆ ನಿಂತರು. ನಾನು ಹಲ್ಲು ಕಚ್ಚಿಕೊಂಡೆ. ಅವರು ಕಾದರು. ಹಿಂದಿನಿಂದ ಉಪದೇಶಿಗಳ ಮೀಸೆ ಗುಸುಗುಟ್ಟಿತು: "ಬಾಯಿ ತೆಗಿಯೇ, ಶನಿ!"

ಒಂದು ಕ್ಷಣ ನಾಲಿಗೆಯ ತುದಿಯನ್ನಷ್ಟೇ ಚಾಚಿ ತಪ್ಪಿಸಿಕೊಳ್ಳಬಹುದೇನೋ ಎಂದು ಲೆಕ್ಕ ಹಾಕಿದೆ. ಆಮೇಲೆ ಬುಡದವರೆಗೂ ಚಾಚಿ ತೋರಿಸಿ, ಒಳಗೆಳೆದುಕೊಂಡು, "ಎಲೆಅಡಿಕೆ, ಸ್ವಾಮೇರೆ," ಎಂದೆ.

ಗುರುಗಳು ತಿರುಗಿ ಪೀಠದ ಕಡೆ ಹೋದರು. ಹಿಂದೆ ಅವ್ವನ ಬಿಕ್ಕು ಕೇಳಿಸಿತು.

ಪೂಜೆ ಮುಗಿದ ಮೇಲೆ ಕರೆಸಿದರು. "ನುಂಗಿದೆಯಾ?"

"ರಸ ಅಷ್ಟೇ, ಸ್ವಾಮೇರೆ."

"ಗೊತ್ತಿದ್ದು ಹಾಕಿಕೊಂಡೆಯಾ?"

"ಸುಣ್ಣ ನೋಡಾಕೆ."

ಅವರು ಬಾಯಿಗೆ ಕರವಸ್ತ್ರ ಹಿಡಿದು ಕೆಮ್ಮಿದರು. ನಕ್ಕರೋ ಏನೋ, ಈಗಲೂ ಗೊತ್ತಿಲ್ಲ. "ನಾಳೆ ಬೆಳಗ್ಗೆ ಹೊನ್ನಾಳಿಯಲ್ಲಿ ಪೂಜೆ ಇದೆ. ಉಪವಾಸ ಇದ್ದು ಅಲ್ಲಿಗೆ ಬಾ."

ಮಧ್ಯಾಹ್ನ ಅಜ್ಜಿಯ ಜೊತೆ, ಪೆಟ್ರೋಲ್ ಸಿಗದೆ ಇದ್ದಿಲಿನಿಂದ ಓಡುತ್ತಿದ್ದ ಬಸ್ಸು ಹತ್ತಿದೆ. ಬಸ್ಸಿನ ವೇಗ ಎಷ್ಟೆಂದರೆ ಗುರುಗಳು ಸೈಕಲ್ಲಿನಲ್ಲಿ ನಮ್ಮನ್ನು ದಾಟಿ, ಗಂಟೆ ಬಾರಿಸಿ, ಕೈಬೀಸಿ ಹೋದರು. ಹೊನ್ನಾಳಿಯ ಪರಿಚಯದವರ ಮನೆಯಲ್ಲಿ ಉಳಿದೆವು.

ಬೆಳಗ್ಗೆ ಎದ್ದಾಗಿನಿಂದ ಎರಡು ಬೆರಳಿನಿಂದ ತುಟಿ ಹಿಡಿದುಕೊಂಡೇ ಇದ್ದೆ. ದಾರಿಯ ಧೂಳು ಊಟವೇ? ಉಗುಳು ನುಂಗಬಹುದೇ? ಪ್ರಶ್ನೋತ್ತರದಲ್ಲಿ ಅದೊಂದೇ ಇರಲಿಲ್ಲ. ಅಜ್ಜಿ ಪಕ್ಕದಲ್ಲಿ ಬರಿಬಾಯಿ ಆಡಿಸುತ್ತಿದ್ದಳು.

"ಕುಟ್ಟಾಣಿ ಎಲ್ಲಜ್ಜಿ?" ಎಂದು ಬೆರಳ ಸಂದಿಯಿಂದ ಕೇಳಿದೆ.

"ಊರಾಗೇ ಬಿಟ್ಟು ಬಂದೀನಿ. ನಿನ್ನ ಕೈ ನಂಬಾಕಾಗಲ್ಲ."

ಎಲೆಅಡಿಕೆ ಇಲ್ಲದೆ ಒಂದು ಗಳಿಗೆಯೂ ಇರದವಳು ಅವಳು.

ದೇವಾಲಯದಲ್ಲಿ ಮೊಣಕಾಲೂರಿದಾಗ ಗುರುಗಳು ನನ್ನ ಮುಂದೆ ಬಂದರು. ನಾಲಿಗೆ ಚಾಚಿದೆ. ಅವರು ಅದನ್ನು ಸೊಸೈಟಿಯವರು ಅಕ್ಕಿ ಪರೀಕ್ಷಿಸುವ ಹಾಗೆ ಬಗ್ಗಿ ನೋಡಿ, ಸತ್ಪ್ರಸಾದ ಇಟ್ಟರು. ಅದು ಅಂಗುಳಕ್ಕೆ ಅಂಟಿಕೊಂಡಿತು. ಕಣ್ಣು ಬಿಗಿಯಾಗಿ ಮುಚ್ಚಿಕೊಂಡೆ.

ಹಿಂದಿನಿಂದ ಅಜ್ಜಿ ಇಡೀ ದೇವಾಲಯಕ್ಕೆ ಕೇಳುವಂತೆ ಪಿಸುಗುಟ್ಟಿದಳು: "ಏನಾತೇ?"

ಹೊಗೆ ಎದ್ದಿತೇ ಎಂದು ಮೂಗಿನಿಂದ ಮೆಲ್ಲಗೆ ಉಸಿರೆಳೆದು ನೋಡಿದೆ. ಮೇಣದಬತ್ತಿಯ ವಾಸನೆ ಮಾತ್ರ ಬಂತು.