ಬೌಲಿಂಗ್ ಮಷಿನ್ನಿಗೆ ವಿಭೂತಿ

ಬೌಲಿಂಗ್ ಮಷಿನ್ನಿನಿಂದ ಹೊರಟ ಚೆಂಡು ನನ್ನ ಮಗಳು ರೇಣುಕಾಳ ಕಡೆಗೆ ಬರದೆ, ಬಲೆಯ ಮೇಲಿಂದ ಹಾರಿ ಬೇವಿನ ಮರಕ್ಕೆ ಬಡಿಯಿತು. ಯಾದಗಿರಿಯ ಮೈದಾನದಲ್ಲಿದ್ದ ಹುಡುಗಿಯರೆಲ್ಲ ನಕ್ಕರು. ಕೋಚ್ ಮಾತ್ರ ಮಷಿನ್ನಿನಲ್ಲಿ ಚೆಂಡು ತಳ್ಳುವ ಗಾಲಿ ಮುಟ್ಟಿ ನೋಡಿದರು. ಜಾರುತ್ತಿತ್ತು.

"ಇದಕ್ಕ ಯಾರು ಏನ್ ಹಚ್ಯಾರ?"

"ಆಯುಧ ಪೂಜಿ ಅಲ್ಲೇನ್ರಿ ಇವತ್ತು? ವಿಭೂತಿ ಹಚ್ಚಿ ಕಾಯಿ ನೀರು ಹಾಕೇನಿ. ನಮ್ಮ ಟ್ರ್ಯಾಕ್ಟರಿಗೂ ಹಂಗ ಮಾಡ್ತೀವಿ," ಎಂದರು ನನ್ನ ಜೊತೆ ಬಂದಿದ್ದ ಅತ್ತೆ, ಸಮಾಧಾನವಾಗಿ.

ಮಷಿನ್ ಬಂದ್ ಆಯಿತು. ಜಿಲ್ಲಾ ತಂಡದ ಆಯ್ಕೆಗೆ ಒಂದೇ ವಾರವಿದ್ದುದರಿಂದ ಕೋಚ್ ಚೆಂಡನ್ನು ರೇಣುಕಾಳ ಗೆಳತಿ ಶಬಾನಾಳಿಗೆ ಕೊಟ್ಟರು. ತಿಂಗಳುಗಟ್ಟಲೆ ಮಷಿನ್ನಿನ ವೇಗದ ಚೆಂಡುಗಳನ್ನು ಸಲೀಸಾಗಿ ಹೊಡೆಯುತ್ತಿದ್ದ ಮಗಳು, ಶಬಾನಾಳ ನಿಧಾನದ ಚೆಂಡಿಗೆ ಅವಸರದಿಂದ ಬ್ಯಾಟ್ ಬೀಸಿ ಔಟಾದಳು. ಮತ್ತೆ ಆಡಿದಳು, ಮತ್ತೆ ಔಟಾದಳು. ಕಣ್ಣು ತುಂಬಿ ಬಂದವು.

"ಅಳೂದು ಆಮ್ಯಾಲ, ಮೊದಲ ನನ್ನ ಕೈ ನೋಡ ಖೋಡಿ," ಎಂದು ಶಬಾನಾ ಬೈದಳು. "ಮಷಿನ್ನಿಗೆ ಮೋಸ ಮಾಡಾಕ ಬರಂಗಿಲ್ಲ, ನನಗ ಬರ್ತದ."

ಆ ವಾರ ಪೂರ್ತಿ ಮಗಳು ಮಷಿನ್ನಿನ ಕಡೆ ಹೋಗದೆ ಶಬಾನಾಳ ಎದುರೇ ಆಡಿದಳು. ಅವಳ ಕೈ, ಮಣಿಕಟ್ಟು ನೋಡಿ ಚೆಂಡಿಗಾಗಿ ಕಾಯುವುದನ್ನು ಕಲಿತಳು. ಆಯ್ಕೆಯ ದಿನ ಕೊನೆಯವರೆಗೂ ಔಟಾಗದೆ ತಂಡ ಸೇರಿದಳು.

ತಿಂಥಣಿಯ ಗುಡಿಗೆ ಹೋದಾಗ ಮೌನೇಶ್ವರನಿಗೆ ಕೈಮುಗಿದು ಒಂದೇ ಮಾತು ಹೇಳಿದೆ: ಮಗಳು ಸೋಲುವುದನ್ನು ಆಯ್ಕೆಗೆ ವಾರ ಮುಂಚೆಯೇ, ಬೈದು ತಿದ್ದುವ ಗೆಳತಿಯ ಮುಂದೆಯೇ ಮುಗಿಸಿಕೊಟ್ಟೆಯಪ್ಪಾ, ಅಷ್ಟು ಸಾಕು.