ಆರ್ವಿಡ್‌ನ ಕಾಣದ ಬೆಳಕು

ಮಿನ್ನೆಸೋಟದ ಆ ಚಿಕ್ಕ ಊರಿನಲ್ಲಿ ಆರ್ವಿಡ್ ಟಾಲೆಫ್ಸನ್ ಎಂದರೆ ಮರಗಳನ್ನು ಬೆಳ್ಳಗೆ ಮಾಡುವವನು. ಹೊಟ್ಟೆಪಾಡಿಗೆ ಶಾಲಾಮಕ್ಕಳ ಫೋಟೊ. ಮನಸ್ಸಿಗೆ ಇನ್‌ಫ್ರಾರೆಡ್, ಕಣ್ಣಿಗೆ ಕಾಣದ ಬೆಳಕಿನ ಚಿತ್ರ. ಅದರಲ್ಲಿ ಎಲೆಯೆಲ್ಲ ಹಿಮ, ಆಕಾಶ ಕಾಡಿಗೆಗಪ್ಪು, ಮನುಷ್ಯರ ಮೈ ಹಾಲು. ಫಿಲಂ ಇದ್ದ ಕಾಲದಲ್ಲಿ ಅದನ್ನು ಫ್ರೀಜರಿನಲ್ಲಿ ಮೀನಿನ ಪಕ್ಕ ಇಟ್ಟು, ಕಪ್ಪು ಚೀಲದೊಳಗೆ ಕೈ ತೂರಿಸಿ ಕ್ಯಾಮೆರಾಕ್ಕೆ ತುಂಬುತ್ತಿದ್ದ. ಫಿಲಂ ಬರುವುದು ನಿಂತ ಮೇಲೆ ಒಂದು ಡಿಜಿಟಲ್ ಕ್ಯಾಮೆರಾದ ಒಳಗಿನ ಗಾಜನ್ನು ಕಾಣದ ಬೆಳಕಷ್ಟೇ ಒಳಬರುವಂತೆ ಬದಲಿಸಿಕೊಂಡು ಮತ್ತೆ ಅದೇ ಹುಚ್ಚು. ಈಗ ಎಪ್ಪತ್ತು ದಾಟಿ, ಮಂಡಿ ಸವೆದು, ಹುಚ್ಚಿಗೂ ದಣಿವಾಗಿತ್ತು.

ಮೊಮ್ಮಗಳು ಲಿವ್‌ಳ ದೀಕ್ಷಾಸ್ನಾನದ ದಿನ ಮಗಳು ಸಿಗ್ನೆ ಅವನನ್ನು ಚರ್ಚಿನ ಬಾಗಿಲಲ್ಲೇ ತಡೆದಳು. ನಿದ್ದೆಗೆಟ್ಟ ಕಣ್ಣು, ಹೆಗಲ ಮೇಲೆ ಹಾಲಿನ ಕಲೆ.

"ಅಪ್ಪಾ, ಒಳಗೆ ಬೇರೆ ಯಾರೂ ಫೋಟೊ ತೆಗೆಯೋ ಹಾಗಿಲ್ಲ. ಪಾದ್ರಿಗಳು ನಿನಗೊಬ್ಬನಿಗೇ ಒಪ್ಪಿರೋದು. ಬಣ್ಣದ ಕ್ಯಾಮೆರಾ ತಂದಿದ್ದೀಯ ತಾನೆ? ನನ್ನ ಮಗು ದೆವ್ವದ ಹಾಗೆ ಬರಬಾರದು."

"ನಿನ್ನದೂ ಇದೇ ಚರ್ಚಲ್ಲಿ ಹೀಗೇ ತೆಗೆದಿದ್ದೆ. ದೇವತೆ ಹಾಗೆ ಬಂದಿದ್ದೆ."

"ಚಿಕ್ಕಂದಿನಲ್ಲೆಲ್ಲ ನಿನ್ನ ಕ್ಯಾಮೆರಾ ಮುಂದೆ ದೇವತೆಯಾಗಿ ನಿಂತೂ ನಿಂತೂ ಸಾಕಾಗಿದೆ. ಬಣ್ಣ, ಅಪ್ಪಾ!"

"ಆಯ್ತು ತಾಯಿ. ಎರಡರಲ್ಲೂ ತೆಗೀತೀನಿ."

ಆದರೆ ಪಾದ್ರಿ ನೀರಿಗೆ ಕೈಯಿಟ್ಟ ಗಳಿಗೆಯಲ್ಲಿ ಆರ್ವಿಡ್‌ನ ಕೈ ಹೋದದ್ದು ಹುಚ್ಚಿನ ಕ್ಯಾಮೆರಾಕ್ಕೇ. ಬೆಳಕಿನ ಲೆಕ್ಕವನ್ನು ಹಳೆಯ ನೆನಪಿನಿಂದಲೇ ಹಾಕಿದ. ತೆಗೆದದ್ದನ್ನು ಕ್ಯಾಮೆರಾದ ಪರದೆಯಲ್ಲಿ ನೋಡುವ ಅಭ್ಯಾಸವಿರಲಿಲ್ಲ. ಫಿಲಂ ಕಾಲದವರು ಮನೆಗೆ ಹೋಗಿಯೇ ನೋಡುವುದು. ಇನ್ನೊಂದು, ಇದೊಂದು ಎನ್ನುತ್ತಿದ್ದಂತೆ ಮಗುವಿನ ತಲೆ ಒರೆಸಿಯೂ ಆಯಿತು; ಬಣ್ಣದ ಕ್ಯಾಮೆರಾ ಚೀಲದಲ್ಲೇ ಉಳಿಯಿತು.

ನೆಲಮಾಳಿಗೆಯಲ್ಲಿ ಎಲ್ಲರೂ ಕಾಫಿಗೆ ಸೇರಿದಾಗ ಸಿಗ್ನೆಯೇ ಕ್ಯಾಮೆರಾ ಕಸಿದು ನೋಡಿದಳು. ಕಪ್ಪು. ಮುಂದಿನದೂ ಕಪ್ಪು. ಅದರ ಮುಂದಿನದೂ.

"ಮುಚ್ಚಳ ತೆಗೆಯೋದು ಮರೆತೆಯಾ?"

ಆರ್ವಿಡ್ ಕತ್ತೆತ್ತಿ ದೀಪ ನೋಡಿದ. ಆಗ ಹೊಳೆಯಿತು. ಹಳೆಯ ಬಿಸಿ ಬಲ್ಬುಗಳಿಂದ ಆ ಕಾಣದ ಬೆಳಕು ಧಾರಾಳವಾಗಿ ಸುರಿಯುತ್ತಿತ್ತು. ಹೋದ ಚಳಿಗಾಲದಲ್ಲಿ ಚರ್ಚಿಗೆಲ್ಲ ಹಾಕಿಸಿದ ಎಲ್‌ಇಡಿಗಳಲ್ಲಿ ಅದು ಇಲ್ಲವೇ ಇಲ್ಲ. ಹೊರಗೆ ಮೋಡ ಕವಿದು, ಕಿಟಕಿಗಳಿಂದಲೂ ಸಾಕಷ್ಟು ಬಂದಿರಲಿಲ್ಲ. ಆ ದೀಪ ಹಾಕುವಾಗ ಏಣಿ ಹಿಡಿದು ನಿಂತವನೂ ಅವನೇ.

"ದೀಪ ಬದಲಾಗಿದೆ. ನನಗೆ ಹೊಳೀಲೇ ಇಲ್ಲ ಕಣಮ್ಮ."

"ಇದನ್ನ ಇನ್ನೊಂದು ಸಲ ಮಾಡಿಸೋಕಾಗಲ್ಲಪ್ಪಾ." ಅಳುವುದಕ್ಕೂ ಅವಳಲ್ಲಿ ತ್ರಾಣ ಉಳಿದಿರಲಿಲ್ಲ.

ಅವನು ಬಣ್ಣದ ಕ್ಯಾಮೆರಾಕ್ಕೆ ಚೀಲದಲ್ಲಿ ತಡಕಾಡಿದ. "ಈಗ ಇಲ್ಲೇ ಒಂದು..."

"ಬೇಡ. ಅದನ್ನೂ ಕೆಳಗಿಡು. ಇವಳನ್ನ ಹಿಡ್ಕೋ. ಬೆಳಗ್ಗೆಯಿಂದ ನಾನು ಕೂತೇ ಇಲ್ಲ."

ಲಿವ್‌ಳ ನೆತ್ತಿ ಇನ್ನೂ ತುಸು ಒದ್ದೆಯಾಗಿತ್ತು. ಸಿಗ್ನೆ ಎದುರಿನ ಕುರ್ಚಿಯಲ್ಲಿ ಕಣ್ಣು ಮುಚ್ಚಿದಳು. ಮಂಡಿ ನೋಯುತ್ತಿದ್ದರೂ ಅವನು ಕದಲದೆ ಕೂತ.