ಎರಡನೇ ಜ್ವರ

ಕೊಕ್ಕನೂರಿನ ಹಂಪವ್ವ ಭತ್ತದ ನಾಟಿಗೆ ನಿಂತರೆ ಹಿಂದೆ ಉಳಿದವಳಲ್ಲ. ಚಿಕೂನ್‌ಗುನ್ಯಾ ಬಂದ ವರ್ಷ ಜ್ವರವೇನೋ ವಾರದೊಳಗೆ ಬಿಟ್ಟಿತು, ನೋವು ಮಾತ್ರ ಕೀಲುಗಳಲ್ಲೇ ಮನೆ ಮಾಡಿಕೊಂಡಿತು. ಬಾಗಿ ದುಡಿಯುವುದು ಅಲ್ಲಿಗೆ ಮುಗಿಯಿತು. ಮಲೆಬೆನ್ನೂರಿನ ಬಸ್ ನಿಲ್ದಾಣದ ಎದುರು ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಮಾರಿ ಮಗಳು ಚೈತ್ರಾಳನ್ನು ಓದಿಸಿದಳು.

ಒಂದು ಮಳೆಗಾಲ ಗಂಡ ಮಾಳಿಂಗಪ್ಪನಿಗೂ ಚೈತ್ರಾಳಿಗೂ ಒಟ್ಟಿಗೇ ಡೆಂಗಿ ಬಂತು. ಇಬ್ಬರೂ ಬೇಗ ಎದ್ದರು.

"ಒಂದ್ಸಲ ಬಂದು ಹೋಗೈತೆ. ಇನ್ನ ಬಂದ್ರೆ ನಮ್ ಮೈಯೇ ಗುರ್ತು ಹಿಡಿದು ಓಡುಸ್ತೈತೆ ಬಿಡು" ಎಂದು ಮಾಳಿಂಗಪ್ಪ ನಕ್ಕಿದ್ದ.

ಚೈತ್ರಾಳ ಮದುವೆಯಾಗಿ, ಅವಳು ದಾವಣಗೆರೆಗೆ ಹೋದ ಮೇಲೆ ಅವನಿಗೆ ಮತ್ತೆ ಜ್ವರ ಬಂತು. ಕೆಲವು ದಿನ ಸುಟ್ಟು ಒಂದು ಬೆಳಗ್ಗೆ ಪೂರಾ ಇಳಿಯಿತು. ಅವನು ಬಿಸಿ ಅನ್ನ ಕೇಳಿದ. ಹಂಪವ್ವ ಹಿಗ್ಗಿ ಬಡಿಸಿದಳು. ಮಧ್ಯಾಹ್ನ ಅವನು ಹೊಟ್ಟೆ ಹಿಡಿದುಕೊಂಡು ಮಲಗಿದ. ಪಾದ ಮುಟ್ಟಿದರೆ ತಣ್ಣಗಿತ್ತು. ಬಾಡಿಗೆ ಕಾರು ಹರಿಹರ ದಾಟುವಷ್ಟರಲ್ಲಿ ಮಾತು ನಿಂತಿತ್ತು. ದಾವಣಗೆರೆಯ ಆಸ್ಪತ್ರೆಯಲ್ಲಿ ಅವನು ಉಳಿಯಲಿಲ್ಲ.

ಡಾಕ್ಟರಮ್ಮ ತಾಯಿ ಮಗಳನ್ನು ಕೂರಿಸಿಕೊಂಡು ಹೇಳಿದರು. "ಡೆಂಗಿಯಲ್ಲಿ ನಾಲ್ಕು ಜಾತಿ ಇದೆಯಮ್ಮ. ಮೊದಲು ಬಂದದ್ದಕ್ಕೆ ರಕ್ತದಲ್ಲಿ ಕಾವಲು ಹುಟ್ಟಿರುತ್ತೆ. ಆಮೇಲೆ ಬೇರೆ ಜಾತಿ ಬಂದರೆ ಕೆಲವರಲ್ಲಿ ಆ ಕಾವಲೇ ಅದಕ್ಕೆ ಬಾಗಿಲು ತೆಗೆದುಬಿಡುತ್ತೆ. ಜ್ವರ ಇಳಿದಾಗಲೇ ಹುಷಾರಾಗಿರಬೇಕು."

ಹಂಪವ್ವ ಮಗಳ ಕಡೆ ನೋಡಿದಳು. ಅದೇ ಮಳೆಗಾಲದ ಕಾವಲು ಇವಳ ಮೈಯಲ್ಲೂ ಇತ್ತು.

ಅಂದಿನಿಂದ ಆ ದಿಗಿಲು ಅವಳನ್ನು ಬಿಡಲಿಲ್ಲ. ಊರ ಮನೆಗೆ ಬೀಗ ಹಾಕಿ, ನಿಜಲಿಂಗಪ್ಪ ಬಡಾವಣೆಯ ಮಗಳ ಮನೆಗೆ ಬಂದುಬಿಟ್ಟಳು. ಬೆರಳು ಮಡಚಲು ಬಾರದಿದ್ದರೂ ನೀರಿನ ತೊಟ್ಟಿಯ ಗೋಡೆಯನ್ನು ತೆಂಗಿನ ನಾರಿನಿಂದ ಉಜ್ಜುತ್ತಿದ್ದಳು.

"ನೀರು ಚೆಲ್ಲಿದ್ರೆ ಸಾಲ್ದೇನವ್ವ?"

"ಸೊಳ್ಳೆ ತತ್ತಿ ಗೋಡೆಗೆ ಅಂಟಿರ್ತಾವಂತೆ. ಒಣಗಿ ತಿಂಗಳುಗಟ್ಲೆ ಇದ್ರೂ ಸಾಯಲ್ವಂತೆ. ನೀರು ಬಿದ್ರೆ ಮತ್ತೆ ಏಳ್ತಾವೆ. ರೋಗ ಕೆಲವು ತತ್ತಿಯೊಳಗೇ ಇರ್ತೈತಂತೆ."

ಎಲ್ಲರೂ ಕತ್ತಲಿಗೆ ಹೆದರಿದರೆ ಹಂಪವ್ವನಿಗೆ ಹಗಲೇ ಭಯ. ಆ ಸೊಳ್ಳೆ ಕಚ್ಚುವುದು ಹಗಲಲ್ಲಿ. ಬಿಸಿಲಲ್ಲಿ ಬಟ್ಟೆ ಒಣಹಾಕುವ ಮಗಳ ಪಕ್ಕ ಕಿವಿಗೊಟ್ಟು ನಿಲ್ಲುತ್ತಿದ್ದಳು.

ಆದರೂ ಬಂತು. ರಕ್ತಪರೀಕ್ಷೆಯಲ್ಲಿ ಡೆಂಗಿ ಎಂದೇ ಬಂತು. ಮನೆಯಲ್ಲೇ ಔಷಧಿ ನಡೆಯಿತು. ಒಂದು ಬೆಳಗ್ಗೆ ಚೈತ್ರಾ ಎದ್ದು ಕೂತು, "ಜ್ವರ ಬಿಟ್ಟೈತವ್ವ, ಮೈ ಹಗುರಾಗೈತೆ" ಎಂದಳು. ಅಳಿಯ ದಿನೇಶನ ಮುಖ ಅರಳಿತು. ಹಂಪವ್ವ ಮಗಳ ಪಾದ ಮುಟ್ಟಿ ನೋಡಿ ಎದ್ದಳು.

"ಆಟೋ ಕರೀರಿ."

"ಯಾಕತ್ತೆ? ಜ್ವರಾನೇ ಇಲ್ವಲ್ರಿ."

"ಅದಕ್ಕೇ ಹೇಳ್ತಿರೋದು. ಕರೀರಿ!"

ಆಸ್ಪತ್ರೆ ಮುಟ್ಟುವ ಹೊತ್ತಿಗೆ ಚೈತ್ರಾಳ ಬಿಪಿ ಕುಸಿಯುತ್ತಿತ್ತು. ಕೂಡಲೇ ಡ್ರಿಪ್ ಹಾಕಿದರು. ಹಂಪವ್ವ ಅವಳ ಪಾದಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಳು, ಅವು ಬೆಚ್ಚಗಾಗುವ ತನಕ ಯಾರು ಕರೆದರೂ ಏಳಲಿಲ್ಲ.

ಚೈತ್ರಾ ಉಳಿದಳು. ಕೂದಲು ಉದುರಿತು, ಸುಸ್ತು ಬಹಳ ದಿನ ಹೋಗಲಿಲ್ಲ. ಮನೆಗೆ ಹೊರಟಾಗ ಹಂಪವ್ವ ಡಾಕ್ಟರಮ್ಮನನ್ನು ಕೇಳಿದಳು: "ಇನ್ನ ಬರಲ್ಲ ಅಲ್ರಿ?"

"ಬಂದರೂ ಇಷ್ಟು ಜೋರಾಗುವುದು ಅಪರೂಪ. ಬರುವುದೇ ಇಲ್ಲ ಅಂತ ಹೇಳೋಕಾಗಲ್ಲಮ್ಮ."

ಈಗ ಮಗಳು ಮಧ್ಯಾಹ್ನ ಮಲಗಿದರೆ ಹಂಪವ್ವ ಸೊಳ್ಳೆ ಓಡಿಸಲು ಟವೆಲ್ ಹಿಡಿದು ಪಕ್ಕದಲ್ಲಿ ಕೂರುತ್ತಾಳೆ.

"ಕಿಟಕಿಗೆ ಜಾಲರಿ ಐತಲ್ಲವ್ವ, ನೀನೂ ಮಲಗು."

"ನೀ ಮಲಗವ್ವ" ಎನ್ನುತ್ತಾಳೆ ಹಂಪವ್ವ, ಜಾಲರಿಯಿಂದ ಕಣ್ಣು ತೆಗೆಯದೆ.